ಗೆದ್ದವರು ಇಬ್ಬರು, ಗುರಾಣಿ ಒಂದು

ಫುಟ್‌ಬಾಲ್ ಗೆದ್ದವರಿಗೆ ಕಪ್ ಕೊಡೋದು ನಮಗೆಲ್ಲ ಗೊತ್ತು. ಆದರೆ ಇಂಗ್ಲೆಂಡಿನಲ್ಲಿ ವರ್ಷಕ್ಕೊಂದು ಪಂದ್ಯಕ್ಕೆ ಗುರಾಣಿ ಕೊಡುತ್ತಾರೆ. ಅದರ ಹೆಸರು ಕಮ್ಯುನಿಟಿ ಶೀಲ್ಡ್. 2002ಕ್ಕೆ ಮೊದಲು ಚಾರಿಟಿ ಶೀಲ್ಡ್ ಎಂದಿತ್ತು. ಚಾರಿಟಿ ಎಂದರೆ ದಾನಧರ್ಮ. ಟಿಕೆಟ್ಟಿನಿಂದ ಬಂದ ಹಣ ಒಳ್ಳೆಯ ಕೆಲಸಗಳಿಗೆ ಹೋಗುತ್ತದೆ.

ಅಲ್ಲಿ ಎರಡು ದೊಡ್ಡ ಸ್ಪರ್ಧೆಗಳಿವೆ. ಮೊದಲನೆಯದು ಲೀಗ್. 20 ತಂಡಗಳಲ್ಲಿ ಪ್ರತಿಯೊಂದೂ ಉಳಿದ 19ರ ಜೊತೆ ಎರಡೆರಡು ಸಲ ಆಡಬೇಕು. ಒಟ್ಟು 38 ಆಟ. ಗೆದ್ದರೆ 3 ಅಂಕ, ಸಮವಾದರೆ 1. ಒಂದು ದಿನ ಸೋತರೂ ಮುಂದಿನ ವಾರ ಸರಿಮಾಡಿಕೊಳ್ಳಬಹುದು. ಎರಡನೆಯದು 1871ರಲ್ಲಿ ಶುರುವಾದ ಎಫ್.ಎ. ಕಪ್. ಇಲ್ಲಿ ಸೋತ್ರೆ ಮುಗೀತು, ಗಂಟುಮೂಟೆ ಕಟ್ಟಬೇಕು!

ಲೀಗ್ ಗೆದ್ದವರು ಹೆಚ್ಚೋ, ಕಪ್ ಗೆದ್ದವರು ಹೆಚ್ಚೋ? ಇಬ್ಬರನ್ನೂ ಎದುರುಬದುರು ನಿಲ್ಲಿಸುವುದೇ ಈ ಪಂದ್ಯ. ಸಾಮಾನ್ಯವಾಗಿ ಆಗಸ್ಟ್‌ನಲ್ಲಿ, ಹೊಸ ಲೀಗ್ ಶುರುವಾಗುವ ಮುಂಚೆ ನಡೆಯುತ್ತದೆ. ಎರಡನ್ನೂ ಒಬ್ಬರೇ ಗೆದ್ದರೆ? ಆಗ ಲೀಗ್‌ನಲ್ಲಿ ಎರಡನೇ ಸ್ಥಾನ ಪಡೆದವರು ಎದುರಾಳಿ. 1996ರಲ್ಲಿ ಹೀಗೇ ಆಯಿತು. ಎರಡನ್ನೂ ಗೆದ್ದಿದ್ದ ಮ್ಯಾಂಚೆಸ್ಟರ್ ಯುನೈಟೆಡ್, ನ್ಯೂಕ್ಯಾಸಲ್ ತಂಡವನ್ನು 4-0 ಗೋಲುಗಳಿಂದ ಸೋಲಿಸಿತು.

ಮೊದಲ ಪಂದ್ಯ ನಡೆದದ್ದು 1908ರಲ್ಲಿ. ಆಗ ಆಡಿದವರು ಎರಡು ಬೇರೆ ಬೇರೆ ಲೀಗ್‌ಗಳನ್ನು ಗೆದ್ದವರು. ಲೀಗ್ ವಿಜೇತರು ಮತ್ತು ಕಪ್ ವಿಜೇತರು ಆಡುವ ಪದ್ಧತಿ ಆಮೇಲೆ ಗಟ್ಟಿಯಾಯಿತು.

ನನಗೆ ಬಹಳ ಇಷ್ಟವಾದದ್ದು 1967ರ ಪಂದ್ಯದ ಕಥೆ. ಟಾಟನ್‌ಹ್ಯಾಮ್ ತಂಡದ ಗೋಲ್‌ಕೀಪರ್ ಪ್ಯಾಟ್ ಜೆನ್ನಿಂಗ್ಸ್ ತನ್ನ ಗೋಲಿನ ಹತ್ತಿರದಿಂದಲೇ ಚೆಂಡನ್ನು ಜೋರಾಗಿ ಒದ್ದರು. ಅದು ಆ ಕಡೆ ಹೋಗಿ ಪುಟಿದು, ಮ್ಯಾಂಚೆಸ್ಟರ್ ಯುನೈಟೆಡ್ ಗೋಲ್‌ಕೀಪರ್‌ನ ತಲೆ ಮೇಲಿಂದ ಹಾರಿ ಗೋಲಾಯಿತು! ಆಟ 3-3 ಸಮವಾಗಿ ಮುಗಿಯಿತು. ಗುರಾಣಿ ಯಾರಿಗೆ? ಇಬ್ಬರಿಗೂ! ಆಗಿನ ಪದ್ಧತಿಯಂತೆ ಒಬ್ಬರ ಹತ್ತಿರ ಆರು ತಿಂಗಳು, ಇನ್ನೊಬ್ಬರ ಹತ್ತಿರ ಆರು ತಿಂಗಳು.

ಹೀಗೆ ಹಂಚಿಕೊಂಡದ್ದು 1991ರಲ್ಲಿ ಕೊನೆ. 1993ರಿಂದ ಸಮವಾದರೆ ಪೆನಾಲ್ಟಿ ಒದೆತಗಳಿಂದ ತೀರ್ಮಾನ. ನನಗಂತೂ ಹಳೇ ಪದ್ಧತಿಯೇ ಸರಿ ಅನ್ನಿಸುತ್ತೆ. 38 ಆಟ ಆಡಿ ಮೊದಲು ಬಂದವರನ್ನೂ, ಎಲ್ಲೂ ಸೋಲದೆ ಕಪ್ ಗೆದ್ದವರನ್ನೂ ಐದು ಒದೆತಗಳಲ್ಲಿ ಅಳೆಯೋದು ಹೇಗೆ? ದುಡ್ಡು ಹಂಚೋದಕ್ಕೆ ಅಂತಲೇ ಇರುವ ಪಂದ್ಯದಲ್ಲಿ ಗುರಾಣಿಯನ್ನೂ ಹಂಚಿಕೊಂಡರೆ ತಪ್ಪೇನು? ನೀವೇನಂತೀರಿ?