ಚಿನ್ನದ ಗೋಳವೂ ಯುರೇನಿಯಂ ಗೋಳವೂ

ವಿಶ್ವದಲ್ಲಿ ಎಲ್ಲಿಯೂ ಒಂದು ಮೈಲಿ ವ್ಯಾಸದ ಅಪ್ಪಟ ಚಿನ್ನದ ಗೋಳವಿಲ್ಲವೆಂದು ಇಟ್ಟುಕೊಳ್ಳೋಣ. ಅಷ್ಟೇ ವ್ಯಾಸದ ಯುರೇನಿಯಂ–235ರ ಗೋಳವಂತೂ ಇಲ್ಲವೇ ಇಲ್ಲ. ಎರಡೂ ಮಾತುಗಳು ಒಂದೇ ಅಚ್ಚಿನವು, ಎರಡೂ ಸತ್ಯ. ಆದರೂ ಮೊದಲನೆಯದನ್ನು ಆಕಸ್ಮಿಕವೆಂದೂ ಎರಡನೆಯದನ್ನು ಪ್ರಕೃತಿನಿಯಮದ ಫಲವೆಂದೂ ದಾರ್ಶನಿಕರು ಬೇರ್ಪಡಿಸುತ್ತಾರೆ. ಮನುಷ್ಯನು ಇದುವರೆಗೆ ಭೂಗರ್ಭದಿಂದ ತೆಗೆದ ಚಿನ್ನ ಸುಮಾರು 2 ಲಕ್ಷ ಟನ್ನು. ಅದನ್ನೆಲ್ಲ ಕರಗಿಸಿ ಎರಕ ಹೊಯ್ದರೆ 22 ಮೀಟರ್ ಅಂಚಿನ ಒಂದು ಘನವಾದೀತು, ಅಷ್ಟೆ. ಆ ಮಹಾಗೋಳವಾಗದಿರುವುದಕ್ಕೆ ಕಾರಣ ಚಿನ್ನದ ಅಭಾವವೇ ಹೊರತು ಅದರ ಸ್ವಭಾವವಲ್ಲ.

ಯುರೇನಿಯಮ್ಮಿನ ಸಂಗತಿ ಬೇರೆ. ಅದರ ಪರಮಾಣುಬೀಜವು ನ್ಯೂಟ್ರಾನೊಂದನ್ನು ನುಂಗಿ ಸೀಳಿದಾಗ ಎರಡು ಮೂರು ಹೊಸ ನ್ಯೂಟ್ರಾನುಗಳು ಹೊರಬೀಳುತ್ತವೆ. ಗೋಳ ಚಿಕ್ಕದಿರುವಾಗ ಅವುಗಳಲ್ಲಿ ಬಹುಪಾಲು ಮೇಲ್ಮೈಯಿಂದ ಪಾರಾಗಿಹೋಗುತ್ತವೆಯಾದರೂ, ಗೋಳ ಬೆಳೆದಂತೆಲ್ಲ ಒಡಲು ಹಿಗ್ಗುವ ವೇಗಕ್ಕೆ ಮೇಲ್ಮೈ ಸರಿಗಟ್ಟಲಾರದೆ ಪಾರಾಗುವವುಗಳ ಪ್ರಮಾಣ ಕುಗ್ಗುತ್ತ ಬಂದು, ತೂಕ ಸುಮಾರು 52 ಕಿಲೋಗ್ರಾಂ, ವ್ಯಾಸ 17 ಸೆಂಟಿಮೀಟರ್ ಮುಟ್ಟುವ ಹೊತ್ತಿಗೆ ಸರಪಳಿ ಕ್ರಿಯೆ ತಾನಾಗಿಯೇ ಮುಂದುವರಿಯತೊಡಗುತ್ತದೆ. ಮೈಲಿಯ ಮಾತಂತಿರಲಿ, ಒಂದು ಗೇಣು ಬೆಳೆಯುವುದರೊಳಗೇ ಗೋಳಕ್ಕೆ ಗಂಡಾಂತರ!

ಈ ಭೇದ ಎಲ್ಲಿಂದ ಬಂತು? 1739ರಲ್ಲಿ ಹೊರಬಂದ ತನ್ನ ಗ್ರಂಥದಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮನು, ಒಂದರ ಬೆನ್ನಿಗೆ ಇನ್ನೊಂದು ತಪ್ಪದೆ ಬರುವುದಷ್ಟೇ ನಮಗೆ ಕಾಣುವುದೆಂದೂ, 'ಬಂದೇ ತೀರಬೇಕು' ಎಂಬ ಅನಿವಾರ್ಯತೆ ಮನಸ್ಸಿನ ಅಭ್ಯಾಸಬಲದಿಂದ ಹುಟ್ಟಿದ್ದೆಂದೂ ವಾದಿಸಿದನು. ಆದರೆ ಬರಿಯ ಸಾಹಚರ್ಯವನ್ನು ಲೆಕ್ಕಹಾಕಿದರೆ ಚಿನ್ನವೂ ಯುರೇನಿಯಮ್ಮೂ ಒಂದೇ ಪಂಕ್ತಿಯಲ್ಲಿ ಕೂರಬೇಕಾಗುತ್ತದೆ. 1983ರಲ್ಲಿ ಆಸ್ಟ್ರೇಲಿಯಾದ ಆರ್ಮ್‌ಸ್ಟ್ರಾಂಗರು, ನಿಯಮವೆಂಬುದು ಗುಣಸಾಮಾನ್ಯಗಳ (ಹಲವು ವಸ್ತುಗಳಲ್ಲಿ ಒಂದೇ ಆಗಿ ನೆಲಸುವ ಗುಣಗಳ) ನಡುವಣ ಅನಿವಾರ್ಯ ಸಂಬಂಧವೆಂದರು. ಹೆಸರಿಟ್ಟ ಮಾತ್ರಕ್ಕೆ ಬಂಧ ಬಿಗಿದೀತೆ ಎಂಬ ಆಕ್ಷೇಪ ಕೂಡಲೇ ಎದ್ದಿತು, ನ್ಯಾಯವಾಗಿಯೇ.

ಮೂರನೆಯ ಪಕ್ಷದವರಾದ ಅಲೆಕ್ಸಾಂಡರ್ ಬರ್ಡರು 2007ರ ತಮ್ಮ ಗ್ರಂಥದಲ್ಲಿ, ಮೂಲಗುಣವೆಂದರೆ ಕಾರ್ಯೋನ್ಮುಖವಾದ ಶಕ್ತಿಯೇ, ನಿಯಮವು ಅದರಿಂದ ಹೊಮ್ಮತಕ್ಕದ್ದೆಂದು ಪ್ರತಿಪಾದಿಸಿದರು. ವೈಶೇಷಿಕ ದರ್ಶನದ ಪರಿಚಯವುಳ್ಳವರಿಗೆ ಇಲ್ಲಿ ಪ್ರಶಸ್ತಪಾದನ ನೆನಪಾದೀತು: ಅವನೆಣಿಸಿದ 24 ಗುಣಗಳಲ್ಲೊಂದಾದ ಗುರುತ್ವವು ಇಂದ್ರಿಯಗೋಚರವಲ್ಲ, ವಸ್ತು ಬೀಳುವುದರಿಂದಲೇ ಊಹಿಸತಕ್ಕದ್ದು. (ಇಷ್ಟರಿಂದ ನಮ್ಮವರು ಎಲ್ಲವನ್ನೂ ಮೊದಲೇ ಹೇಳಿಬಿಟ್ಟರೆಂದು ಬೀಗಬೇಕಾಗಿಲ್ಲ, ಅವರ ಗುರಿಯೇ ಬೇರೆ.)

ಮೂರರಲ್ಲಿ ಈ ಪಕ್ಷವೇ ನನಗೆ ಸಮಂಜಸವಾಗಿ ತೋರುತ್ತದೆ; ಯುರೇನಿಯಂ ಗೋಳವನ್ನು ಸಿಡಿಸುವುದು ಹೊರಗಿನ ಶಾಸನವಲ್ಲ, ಅದರ ಬೀಜದ ಗುಣವೇ. ಆದರೆ ಇದಕ್ಕೂ ಒಂದು ತೊಡಕುಂಟು: ಶಕ್ತಿಸಂರಕ್ಷಣೆಯ ನಿಯಮವು ಯಾವುದೊಂದು ವಸ್ತುವಿನ ಗುಣವೂ ಅಲ್ಲ, ಎಲ್ಲ ವಸ್ತುಗಳೂ ಅದಕ್ಕೆ ಬದ್ಧವಾಗಿವೆ, ಈ ತೊಡಕಿಗೆ ಎಲ್ಲರೂ ಒಪ್ಪುವ ಸಮಾಧಾನವನ್ನು ಈ ಪಕ್ಷದವರು ಇನ್ನೂ ಕೊಟ್ಟಿಲ್ಲ.