ಹೆಸರು ಮರೆತರೂ ಪದ ಮರೆಯೋಲ್ಲ

"ಅರವತ್ತಕ್ಕೆ ಅರಳುಮರಳು" ಅಂತ ನಕ್ಕು ಸುಮ್ಮನಾಗುವುದು ನಮ್ಮ ಕಡೆಯ ಹಳೇ ಚಾಳಿ. ಆದರೆ ಹೆತ್ತ ಮಗನ ಹೆಸರು, ಮನೆಯ ದಾರಿಯೇ ಮರೆತುಹೋದರೆ ಅದು ಬರೀ ವಯಸ್ಸಿನ ಗುಣವಲ್ಲ ಸ್ವಾಮಿ, ಡಿಮೆನ್ಷಿಯಾ ಎಂಬ ಕಾಯಿಲೆ ಇರಬಹುದು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, ದೇಶದಲ್ಲಿ ಅರವತ್ತು ದಾಟಿದ ಸುಮಾರು 88 ಲಕ್ಷ ಮಂದಿಗೆ ಇದು ಇದೆ. ಅಂದರೆ ನೂರಕ್ಕೆ ಏಳು ಮಂದಿಗೂ ಹೆಚ್ಚು!

ಮೊದಲು ಡಾಕ್ಟರಿಗೆ ತೋರಿಸಿ. ಥೈರಾಯ್ಡ್ ತೊಂದರೆ, ಬಿ12 ಕೊರತೆಯಿಂದ ಬಂದ ಮರೆವಾದರೆ ಮದ್ದುಂಟು. ಡಿಮೆನ್ಷಿಯಾ ಆದರೆ ಪೂರ್ತಿ ವಾಸಿ ಮಾಡುವ ಮದ್ದಿಲ್ಲ. ಆದರೂ ಹರೆಯದಲ್ಲಿ ಕಲಿತ ಹಾಡು ಎಷ್ಟೋ ಜನರಲ್ಲಿ ಬಹುಕಾಲ ಉಳಿದಿರುತ್ತದೆ. ಇದನ್ನು ಕಂಡೇ ಇಂಗ್ಲೆಂಡಿನ ಅಲ್ಜೈಮರ್ಸ್ ಸೊಸೈಟಿ 2003ರಲ್ಲಿ 'ಸಿಂಗಿಂಗ್ ಫಾರ್ ದ ಬ್ರೈನ್' ಎಂಬ ಹಾಡಿನ ಕೂಟ ಶುರುಮಾಡಿತು. ಅಲ್ಲಿ ರೋಗಿಯೂ, ನೋಡಿಕೊಳ್ಳುವವರೂ ಒಟ್ಟಿಗೆ ಕೂತು ಹಾಡುತ್ತಾರೆ. ಹಗಲಿರುಳು ಕಾದು ಸುಸ್ತಾದ ಮಗ-ಸೊಸೆಗೂ ಕಷ್ಟ ಹೇಳಿಕೊಳ್ಳಲು ಜೊತೆ ಸಿಗುತ್ತದೆ.

ಕೂಡಿ ಹಾಡುವುದು ನಮಗೇನು ಹೊಸದೇ? ಮಂಡ್ಯದಲ್ಲಿ ಭಜನಾ ಮಂಡಳಿಗಳಿವೆ. ಮದ್ದೂರು ಸೀಮೆಯ ಹೆಂಗಸರಿಗೆ ಸೋಬಾನೆ ಗೊತ್ತು. ಮಳವಳ್ಳಿ ಕಡೆ ಮಂಟೇಸ್ವಾಮಿ ಪದ ಹೇಳುವ ನೀಲಗಾರರಿದ್ದಾರೆ. ವಾರಕ್ಕೊಂದು ದಿನ, ಹೊತ್ತು ಮುಳುಗುವ ಮುಂಚೆ, ಒಂದು ಗಂಟೆ ಇಂಥ ಹಿರಿಯರಿಗೂ ಮನೆಯವರಿಗೂ ಚಾಪೆ ಹಾಸಿದರಾಯ್ತು. ಖರ್ಚೇನೂ ಇಲ್ಲ.

ಒಂದೇ ಎಚ್ಚರಿಕೆ: "ನಾನ್ಯಾರು ಹೇಳಿ ನೋಡೋಣ" ಅಂತ ಪರೀಕ್ಷೆ ಮಾಡಬೇಡಿ. ಅವರಿಗೆ ಗೊತ್ತಿರುವ ಪಲ್ಲವಿ ಎತ್ತಿಕೊಡಿ. ಕೂಡಿಹಾಕಿ ಬೀಗ ಜಡಿಯುವುದಕ್ಕಿಂತ ಇದು ಮೇಲಲ್ವೇ? ಮಂಡಳಿಯವರು ಯೋಚಿಸಲಿ.