ಯಂತ್ರದ ಸಾಕ್ಷ್ಯ

ಯಲಹಂಕದ ಅಂಗಡಿಯೊಂದರಲ್ಲಿ ಕಳವಾಯಿತೆನ್ನೋಣ. ಗೋಡೆಯ ಕ್ಯಾಮೆರಾ ಅದನ್ನು ಕಂಡಿದೆ. ನ್ಯಾಯಾಲಯದ ಪರದೆಯ ಮೇಲೆ ಆ ದೃಶ್ಯವನ್ನು ಓಡಿಸಿಬಿಟ್ಟರೆ ಸತ್ಯವು ತಾನಾಗಿ ಹೊರಬೀಳುವುದೆಂದು ನಮ್ಮ ಭಾವನೆ. ಆದರೆ ಮನುಷ್ಯಸಾಕ್ಷಿಗೆ ಪ್ರಮಾಣವಚನವಿರುವಂತೆ ಯಂತ್ರದಿಂದ ತೆಗೆದ ಪ್ರತಿಗೂ ಪ್ರಮಾಣಪತ್ರ ಬೇಕು.

ಈ ಪತ್ರದ ಬೆಲೆ ಏನೆಂಬುದು ಬೆಂಗಳೂರಿನ 2008ರ ಸರಣಿ ಸ್ಫೋಟಗಳ ಮೊಕದ್ದಮೆಯಲ್ಲಿ ತಿಳಿದುಬಂದಿತು. ಲ್ಯಾಪ್‌ಟಾಪ್, ಪೆನ್‌ಡ್ರೈವ್, ಸಿ.ಡಿ.ಗಳು ವಶವಾಗಿದ್ದವು, ಪ್ರಯೋಗಾಲಯದ ವರದಿಯೂ ಇತ್ತು. ಆದರೂ ಪ್ರಮಾಣಪತ್ರವಿಲ್ಲವೆಂದು ವಿಚಾರಣಾ ನ್ಯಾಯಾಲಯವು ವರದಿಯನ್ನು ಒಪ್ಪಲಿಲ್ಲ. ತಡವಾಗಿ ತಂದ ಪತ್ರವನ್ನು ಉಚ್ಚ ನ್ಯಾಯಾಲಯವೂ ಒಳಗೆ ಬಿಡಲಿಲ್ಲ. ಸ್ಫೋಟವಾಗಿ ಹದಿನೈದು ವರ್ಷಗಳ ಮೇಲೆ, 2023ರಲ್ಲಿ, ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ಅನುಮತಿಯಿತ್ತಿತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಂತೆ ಈ ಪತ್ರಕ್ಕೆ ಎರಡು ಭಾಗ: ಒಂದಕ್ಕೆ ಕಕ್ಷಿಯ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಜೊತೆಗೆ ‘ಹ್ಯಾಷ್’ ಎಂಬ ಗುರುತು. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಬೇರೆಯಾಗುವ ಬೆರಳಚ್ಚು ಅದು.

ಆದುದರಿಂದ ವಕೀಲರ ಸಿದ್ಧತೆಯು ಪರದೆಯ ಮುಂದೆ ಆರಂಭವಾಗುವುದಲ್ಲ. ಹಳೆಯ ದೃಶ್ಯವನ್ನು ಹೊಸದು ಅಳಿಸಿಹಾಕುವ ಮುನ್ನ, ಕಳವಾದ ದಿನವೇ, ಆ ಯಲಹಂಕದ ಅಂಗಡಿಯಲ್ಲಿಯೇ ಆರಂಭವಾಗಬೇಕು. ದೃಶ್ಯವನ್ನು ತೋರಿಸುವುದು ಪರದೆಯ ಕೆಲಸ. ಅದನ್ನು ನ್ಯಾಯಾಧೀಶರು ಪರಿಗಣಿಸಬಹುದೆ ಎಂಬುದನ್ನು ನಿರ್ಧರಿಸುವುದು ಈ ಕಾಗದ.